ಹುಲ್ಲಿನ ಸೂರಿಗೆ ಸಾವಿರ ಡಾಲರ್

ಕೀನ್ಯಾದ ಪಶ್ಚಿಮ ಅಂಚಿನಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಸಿಯಾಯಾ ಎಂಬ ಕೌಂಟಿ ಇದೆ. ಭೂಮಧ್ಯರೇಖೆ ಅದರ ಮೈಮೇಲೆಯೇ ಹಾದುಹೋಗುತ್ತದೆ. 2019ರ ಜನಗಣತಿಯಲ್ಲಿ ಅಲ್ಲಿದ್ದವರು 9,93,183 ಮಂದಿ. ಲುವೋ ಜನರ ನಾಡು. ಮೆಕ್ಕೆಜೋಳ, ಬಿಳಿಜೋಳ, ಬೀನ್ಸ್, ಒಂದಿಷ್ಟು ಮೀನು, ಬೇಕಾದಷ್ಟು ಮಲೇರಿಯಾ. ಬರಾಕ್ ಒಬಾಮಾ ಅವರ ತಂದೆಯ ಊರು ಕೊಗೆಲೋ ಈ ಕೌಂಟಿಯಲ್ಲೇ ಇದೆ ಎಂಬುದನ್ನು ಬಿಟ್ಟರೆ ಹೊರಗಿನ ಜನಕ್ಕೆ ಸಿಯಾಯಾದ ಬಗ್ಗೆ ಏನೂ ಗೊತ್ತಿಲ್ಲ. ಅರ್ಥಶಾಸ್ತ್ರಜ್ಞರ ಕಥೆ ಬೇರೆ. ಬಡತನದ ಬಗ್ಗೆ ಅಧ್ಯಯನ ಮಾಡುವವರಿಗೆ ಸಿಯಾಯಾ ಈಗ ಕಾಶಿಯಿದ್ದಂತೆ. ಒಮ್ಮೆಯಾದರೂ ಹೋಗಿಬರಬೇಕಾದ, ಹೋಗದವರೂ ಹೆಸರು ಹೇಳಲೇಬೇಕಾದ ಊರು.

ಕಾರಣ ಒಂದು ಲೆಕ್ಕ. 2014ರಿಂದ 2017ರ ನಡುವೆ ಇಲ್ಲಿನ 653 ಹಳ್ಳಿಗಳನ್ನು ಒಂದು ಪಟ್ಟಿಗೆ ಸೇರಿಸಿದರು. ಲಾಟರಿ ಎತ್ತಿ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಳ್ಳಿಗಳನ್ನು ಆರಿಸಿದರು. ಆರಿಸಿದ ಹಳ್ಳಿಗಳ 10,500ಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ 87,000 ಕೀನ್ಯಾ ಶಿಲಿಂಗ್ ಕೊಟ್ಟರು. ಆಗಿನ ವಿನಿಮಯದಲ್ಲಿ ಸುಮಾರು ಸಾವಿರ ಡಾಲರ್, ನಮ್ಮ ಹಣದಲ್ಲಿ ಅರವತ್ತೈದು ಸಾವಿರ ರೂಪಾಯಿಯ ಆಸುಪಾಸು. ಆ ಮನೆಗಳು ವರ್ಷವಿಡೀ ಖರ್ಚು ಮಾಡುವ ಮೊತ್ತದ ಮುಕ್ಕಾಲು ಪಾಲು. ಸಾಲವಲ್ಲ, ಸಬ್ಸಿಡಿಯಲ್ಲ, ಕೂಲಿಯೂ ಅಲ್ಲ. ವಾಪಸ್ ಕೊಡಬೇಕಿಲ್ಲ, ಬಿಲ್ ತೋರಿಸಬೇಕಿಲ್ಲ, ಹಸು ಕೊಂಡೆಯಾ ಹೆಂಡ ಕುಡಿದೆಯಾ ಎಂದು ಯಾರೂ ಕೇಳುವುದಿಲ್ಲ.

ಕೊಟ್ಟದ್ದು ಗಿವ್‌ಡೈರೆಕ್ಟ್ಲಿ ಎಂಬ ದತ್ತಿ ಸಂಸ್ಥೆ. ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ಓದುತ್ತಿದ್ದ ಮೈಕೆಲ್ ಫೇ, ಪಾಲ್ ನೀಹೌಸ್, ಜೆರೆಮಿ ಶಪಿರೋ, ರೋಹಿತ್ ವಾಂಚೂ ಎಂಬ ನಾಲ್ವರು ಹುಟ್ಟುಹಾಕಿದ್ದು. ಬಡವ ಯಾರು ಎಂದು ಪತ್ತೆಹಚ್ಚಲು ಇವರು ಆದಾಯ ಪ್ರಮಾಣಪತ್ರ ಕೇಳಲಿಲ್ಲ, ಕಾರ್ಡು ಕೇಳಲಿಲ್ಲ. ತಲೆಯೆತ್ತಿ ಸೂರು ನೋಡಿದರು. ಹುಲ್ಲು ಹೊದೆಸಿದ್ದರೆ ಹಣ ಉಂಟು, ತಗಡು ಹೊದೆಸಿದ್ದರೆ ಇಲ್ಲ. ಆ 653 ಹಳ್ಳಿಗಳಲ್ಲಿ ಇದ್ದದ್ದು 65,000ಕ್ಕೂ ಹೆಚ್ಚು ಮನೆಗಳು. ಅವುಗಳಲ್ಲಿ ಹುಲ್ಲಿನ ಸೂರಿನವು ಮೂರರಲ್ಲೊಂದು. ನಮ್ಮ ಪಡಿತರ ಚೀಟಿಯ ಹಣೆಬರಹ ಬಲ್ಲವರಿಗೆ ಈ ಅಳತೆಗೋಲು ಎಷ್ಟು ಒರಟು, ಎಷ್ಟು ಜಾಣ ಎಂಬುದು ಒಟ್ಟಿಗೇ ಹೊಳೆಯುತ್ತದೆ.

ಹಣ ಹೋದ ಬಗೆ ಇನ್ನೂ ಸೋಜಿಗದ್ದು. ಮೊದಲು 7,000 ಶಿಲಿಂಗ್, ಮೊಬೈಲಿಗೆ ಹಣ ನಿಜವಾಗಿ ಬರುತ್ತದೆಯೇ ಎಂದು ನೋಡಿಕೊಳ್ಳಲು. ಎರಡು ತಿಂಗಳು ಬಿಟ್ಟು 40,000. ಮತ್ತೆ ಆರು ತಿಂಗಳಿಗೆ ಇನ್ನೊಂದು 40,000. ಮನೆಗೆ ಮೂರು ಸಂದೇಶದಂತೆ ಲೆಕ್ಕ ಹಾಕಿ: ಎಲ್ಲ ಸೇರಿ 31,500 ಎಸ್ಸೆಮ್ಮೆಸ್. 91 ಕೋಟಿ ಶಿಲಿಂಗ್, ಅಂದರೆ ಒಂದು ಕೋಟಿ ಡಾಲರಿಗೂ ಮೇಲ್ಪಟ್ಟ ಹಣ, ಮೂವತ್ತೊಂದೂವರೆ ಸಾವಿರ ಸಂದೇಶಗಳಾಗಿ ಊರೊಳಗೆ ಇಳಿಯಿತು. ಒಂದು ಟ್ರಕ್ಕು ಓಡಲಿಲ್ಲ, ಒಂದು ಗೋದಾಮು ತೆರೆಯಲಿಲ್ಲ.

ಇದು ಸಾಧ್ಯವಾದದ್ದು ಎಂ-ಪೆಸಾದಿಂದ. ಸಫಾರಿಕಾಮ್ ಕಂಪನಿ 2007ರ ಮಾರ್ಚಿನಲ್ಲಿ ಕೀನ್ಯಾದಲ್ಲಿ ಶುರುಮಾಡಿದ ಈ ಮೊಬೈಲ್ ಹಣದ ವ್ಯವಸ್ಥೆ ಹುಟ್ಟಿದ್ದು ಬ್ರಿಟನ್ ಸರ್ಕಾರದ ನೆರವು ನಿಧಿಯ ಸಣ್ಣ ಅನುದಾನದಿಂದ, ಕಿರುಸಾಲದ ಕಂತು ಕಟ್ಟಿಸಿಕೊಳ್ಳುವ ಪ್ರಯೋಗವಾಗಿ. ಜನ ಕಂತು ಕಟ್ಟುವುದಕ್ಕಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಹಣ ಕಳಿಸಲು ಅದನ್ನು ಬಳಸತೊಡಗಿದರು. ನಮ್ಮ ಯುಪಿಐ ಬಂದದ್ದು ಅದಾಗಿ ಒಂಬತ್ತು ವರ್ಷದ ಮೇಲೆ. ಅರ್ಥಶಾಸ್ತ್ರಜ್ಞರಾದ ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದಂತೆ ಎಂ-ಪೆಸಾ ಒಂದೇ 1,94,000 ಕೀನ್ಯಾ ಮನೆಗಳನ್ನು ಬಡತನದಿಂದ ಮೇಲೆತ್ತಿದೆ. ದೇಶದ ಒಟ್ಟು ಮನೆಗಳಲ್ಲಿ ನೂರಕ್ಕೆ ಎರಡು. ದಾನವೇ ಅಲ್ಲದ, ಲಾಭಕ್ಕೆ ನಡೆಯುವ ಒಂದು ಫೋನ್ ಸೇವೆಯ ಸಾಧನೆ ಇದು. ಅನೇಕ ದತ್ತಿ ಸಂಸ್ಥೆಗಳು ತಮ್ಮ ಇಡೀ ಆಯುಸ್ಸಿನಲ್ಲಿ ಮುಟ್ಟದ ಸಂಖ್ಯೆ.

ಸಿಯಾಯಾಕ್ಕೆ ಮರಳೋಣ. ಒಂದು ಕೋಟಿ ಡಾಲರ್ ಎಂದರೆ ಎಷ್ಟು? ಪ್ರಯೋಗ ಮುಗಿಯುತ್ತಿದ್ದ 2017ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಒಂದು ಫುಟ್‌ಬಾಲ್ ಕ್ಲಬ್ಬು ಬ್ರೆಜಿಲ್ಲಿನ ನೇಮಾರ್‌ಗಾಗಿ 22.2 ಕೋಟಿ ಯೂರೋ ಕೊಟ್ಟಿತು. ಒಬ್ಬ ಆಟಗಾರನ ಎರಡು ಕಾಲಿಗೆ ತೆತ್ತ ಬೆಲೆಯಲ್ಲಿ ಈ ಪ್ರಯೋಗವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಮಾಡಬಹುದಿತ್ತು. ಜಗತ್ತಿನ ಲೆಕ್ಕದಲ್ಲಿ ಅಷ್ಟು ಸಣ್ಣ ಮೊತ್ತ. ಆ ಹಳ್ಳಿಗಳ ಲೆಕ್ಕದಲ್ಲಿ? ಹಣ ಹೆಚ್ಚು ಸುರಿದ ಹನ್ನೆರಡು ತಿಂಗಳಲ್ಲಿ ಅದು ಅಲ್ಲಿನ ಒಟ್ಟು ಉತ್ಪನ್ನದ ಶೇ 15ಕ್ಕೂ ಮೀರಿತ್ತು. ನಮ್ಮ ಅಳತೆಗೆ ತರುವುದಾದರೆ, ಕರ್ನಾಟಕದ 2024-25ರ ಇಡೀ ಬಜೆಟ್ ಗಾತ್ರ 3.71 ಲಕ್ಷ ಕೋಟಿ ರೂಪಾಯಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಹೆಚ್ಚುಕಡಿಮೆ ಇಷ್ಟೇ ಅಥವಾ ಇದಕ್ಕೂ ಕಡಿಮೆ. ವಿಧಾನಸೌಧದ ಒಂದು ವರ್ಷದ ಎಲ್ಲ ಖರ್ಚನ್ನೂ ನಿಲ್ಲಿಸಿ ಆ ಹಣವನ್ನು ಬಡಮನೆಗಳ ಫೋನಿಗೆ ಹಾಕಿಬಿಟ್ಟರೆ ಏನಾದೀತೋ ಊಹಿಸಿ. ಸಿಯಾಯಾದಲ್ಲಿ ಆದದ್ದು ಆ ಪ್ರಮಾಣದ ಸಂಗತಿ.

ಏನಾದೀತು ಎಂಬುದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ. ಸುಮ್ಮನೆ ಬಂದ ಹಣ ಸೆರೆಯಂಗಡಿಗೆ ಹೋಗುತ್ತದೆ, ಮಿಕ್ಕಿದ್ದು ಸೋಮಾರಿತನಕ್ಕೆ ಹೋಗುತ್ತದೆ, ಊರಿಗೆಲ್ಲ ಹಣ ಬಂದರೆ ಸಂತೆಯಲ್ಲಿ ಬೆಲೆ ಏರಿ ಎಲ್ಲರೂ ಮೊದಲಿದ್ದಲ್ಲಿಗೇ ಬರುತ್ತಾರೆ. ಮೂರೂ ಅನುಮಾನಗಳು ಅಲಕ್ಷಿಸುವಂಥವಲ್ಲ. ಹಾಗಾಗಿಯೇ ಸಂಶೋಧಕರು ಮೂರನ್ನೂ ಅಳೆದರು.

ಸೆರೆಯ ಲೆಕ್ಕ ಮೊದಲೇ ಸಿಕ್ಕಿತ್ತು. ಇದೇ ಕೌಂಟಿಯ ರಾರಿಯೇಡಾದಲ್ಲಿ 2011ರಿಂದ 2013ರವರೆಗೆ ನಡೆದ ಚಿಕ್ಕ ಪ್ರಯೋಗದಲ್ಲಿ ಯೊಹಾನೆಸ್ ಹೌಸ್‌ಹೋಫರ್ ಮತ್ತು ಶಪಿರೋ ಮನೆಮನೆಯ ಖರ್ಚು ಬರೆದುಕೊಂಡರು. ಎಂಜಲಿನ ಮಾದರಿ ತೆಗೆದು ಅದರಲ್ಲಿ ಆತಂಕದ ಹಾರ್ಮೋನು ಎಷ್ಟಿದೆ ಎಂದು ಕೂಡ ನೋಡಿದರು! ಹಣ ಬಂದ ಮನೆಗಳಲ್ಲಿ ಊಟ ಹೆಚ್ಚಿತು, ದನಕರು ಹೆಚ್ಚಿದವು, ಹುಲ್ಲು ಹೋಗಿ ಮಬಾಟಿ ಎಂದು ಅಲ್ಲಿನವರು ಕರೆಯುವ ತಗಡು ಬಂತು. ಮದ್ಯ, ತಂಬಾಕಿನ ಖರ್ಚು ಹೆಚ್ಚಲಿಲ್ಲ. ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಅವರಿಗೂ ಕಂಡದ್ದು ಇದೇ. ತಗಡಿನ ವಿಚಾರದಲ್ಲಿ ಒಂದು ಮಾತು ಸೇರಿಸಬೇಕು. ಹುಲ್ಲಿನ ಸೂರನ್ನು ವರ್ಷಕ್ಕೋ ಎರಡು ವರ್ಷಕ್ಕೋ ಹೊಸದಾಗಿ ಹೊದೆಸಬೇಕು, ಪ್ರತಿ ಸಲವೂ ಹಣ ಬೇಕು. ತಗಡು ಹಾಕಿದರೆ ಆ ಖರ್ಚು ವರ್ಷಗಟ್ಟಲೆ ಉಳಿಯುತ್ತದೆ. ಹೊರಗಿನವರಿಗೆ ಶೋಕಿಯಂತೆ ಕಂಡದ್ದು ಮನೆಯವರಿಗೆ ಒಳ್ಳೆಯ ಬಡ್ಡಿ ತರುವ ಹೂಡಿಕೆ. ಒಟ್ಟಿಗೆ ನಾನೂರು ಡಾಲರ್ ಕೈಯಲ್ಲಿರದ ಕಾರಣಕ್ಕೆ ತಲೆಮಾರುಗಳು ಹೆಚ್ಚು ದುಡ್ಡು ಕೊಟ್ಟು ಹುಲ್ಲನ್ನೇ ಹೊದೆಸುತ್ತ ಬಂದಿದ್ದವು. ಬಡವನಾಗಿ ಬದುಕುವುದು ದುಬಾರಿ ಬಾಬತ್ತು.

ಬೆಲೆಯೇರಿಕೆಯ ಲೆಕ್ಕಕ್ಕಾಗಿ ಸುತ್ತಲ ಸಂತೆಗಳಿಗೆ ತಿಂಗಳು ತಿಂಗಳೂ ಹೋಗಿ ಜೋಳ, ಟೊಮೆಟೊ, ಸಾಬೂನು, ಮೇಕೆ ಎಂದು ಬೆಲೆ ಬರೆದುಕೊಂಡರು. ಡೆನ್ನಿಸ್ ಎಗ್ಗರ್, ಹೌಸ್‌ಹೋಫರ್, ಎಡ್ವರ್ಡ್ ಮಿಗೆಲ್, ನೀಹೌಸ್, ಮೈಕೆಲ್ ವಾಕರ್ ಈ ಐವರು 2022ರಲ್ಲಿ 'ಎಕನಾಮೆಟ್ರಿಕಾ'ದಲ್ಲಿ ಕೊಟ್ಟ ಉತ್ತರ: ಸರಾಸರಿ ಏರಿಕೆ ಶೇ 0.1. ಸಾವಿರ ಶಿಲಿಂಗಿನ ಸಾಮಾನಿಗೆ ಒಂದು ಶಿಲಿಂಗ್ ಹೆಚ್ಚು. ಊರಿನ ಉತ್ಪನ್ನದ ಶೇ 15ರಷ್ಟು ಹಣ ಮಳೆಯಂತೆ ಸುರಿದರೂ ಬೆಲೆ ಮಿಸುಕಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಅತಿ ವಿಸ್ಮಯದ ಅಂಕಿ ಇದೇ. ದೊಡ್ಡ ಸಂಖ್ಯೆಗಳು ಬೆರಗು ಹುಟ್ಟಿಸುವುದು ಸಹಜ. ಸೊನ್ನೆಗೆ ಇಷ್ಟು ಹತ್ತಿರದ ಸಂಖ್ಯೆ ಹುಟ್ಟಿಸಿದ ಬೆರಗು ಅಪರೂಪದ್ದು. ಯಾಕೆ ಹೀಗಾಯಿತು? ಹಳ್ಳಿಯ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಸಿಯಾಯಾದಲ್ಲೂ ಊರೂರಿಗೆ ಜೋಳ ಬೀಸುವ ಗಿರಣಿಗಳಿವೆ. ಯಂತ್ರ ಒಂದು, ನೋಡಿಕೊಳ್ಳುವವನು ಒಬ್ಬ. ದಿನಕ್ಕೆ ನಾಲ್ಕು ಮಂದಿ ಬಂದರೂ ಅವನು ಅಲ್ಲೇ ಇರಬೇಕು, ನಲವತ್ತು ಮಂದಿ ಬಂದರೂ ಅವನೊಬ್ಬನೇ ಸಾಕು. ಅರ್ಧ ಗಿರಣಿ ಕೊಳ್ಳಲು ಬರುವುದಿಲ್ಲವಲ್ಲ! ಅಂಗಡಿಯವ, ದರ್ಜಿ, ಬಡಗಿ, ಬೈಕಿನ ಮೇಲೆ ಜನರನ್ನು ಹೊತ್ತೊಯ್ಯುವ ಬೋಡಾ-ಬೋಡಾ ಹುಡುಗ, ಎಲ್ಲರ ಕಥೆಯೂ ಅದೇ. ಗಿರಾಕಿಗೆ ಕಾಯುತ್ತ ಕೂತ ಜನ, ಕೂತ ಯಂತ್ರ. ಹಣ ಬಂದಾಗ ಬೆಲೆ ಏರಿಸುವ ಮೊದಲು ಅವರಿಗೆ ಕೆಲಸ ಬಂತು. ಹೊಸ ಬಂಡವಾಳವನ್ನು ಹೆಚ್ಚಾಗಿ ಹೂಡದೆಯೇ ವ್ಯಾಪಾರಿಗಳ ವಹಿವಾಟು ಏರಿತು. ಸೋಮಾರಿತನ ಎಂದು ದೂರದವರು ಕರೆಯುವ ಸಂಗತಿಯ ದೊಡ್ಡ ಪಾಲು ಹೀಗೆ ಗಿರಾಕಿಯಿಲ್ಲದೆ ಕಾಯುವುದೇ ಆಗಿರುತ್ತದೆ ಎಂದು ನನಗೀಗ ಅನ್ನಿಸುತ್ತಿದೆ.

ಇನ್ನು ನೆರೆಮನೆಯ ಲೆಕ್ಕ. ಹಣ ಪಡೆದ ಮನೆಗಳ ಖರ್ಚು ಒಂದೂವರೆ ವರ್ಷದ ನಂತರ ಸುಮಾರು ಶೇ 12ರಷ್ಟು ಏರಿತ್ತು. ಹಣ ಪಡೆಯದ ಮನೆಗಳದು? ಸುಮಾರು ಶೇ 13. ಅಚ್ಚಿನ ದೋಷವಲ್ಲ. ತಗಡಿನ ಸೂರು ಇದ್ದ ಕಾರಣಕ್ಕೋ ಲಾಟರಿಯಲ್ಲಿ ಹೆಸರು ಬಾರದ ಕಾರಣಕ್ಕೋ ಒಂದು ಶಿಲಿಂಗೂ ಸಿಗದವರ ಬದುಕು, ಸಿಕ್ಕವರ ಬದುಕಿನಷ್ಟೇ ಮೇಲೇರಿತ್ತು. ನೆಂಟರು ಹಂಚಿಕೊಟ್ಟದ್ದರಿಂದ ಬಂದದ್ದಲ್ಲ, ಅಂಥ ಹಂಚಿಕೆ ಕಂಡದ್ದು ಅತ್ಯಲ್ಪ. ಹೆಚ್ಚಿನದು ಕೂಲಿಯಿಂದ ಬಂತು. ಹಣ ಬಂದವನು ಸೂರು ಹೊದೆಸಲು ಕರೆದ, ಕರೆದವನಿಗೆ ಕೂಲಿ ಕೊಟ್ಟ, ಅವನು ಅಂಗಡಿಗೆ ಹೋದ, ಅಂಗಡಿಯವಳು ಸಂತೆಗೆ ಹೋದಳು. ಎಲ್ಲ ಕೂಡಿಸಿದಾಗ, ಹೊರಗಿನಿಂದ ಬಂದ ಒಂದು ಡಾಲರ್ ಆ ಹಳ್ಳಿಗಳ ಆರ್ಥಿಕತೆಯನ್ನು ಸುಮಾರು ಎರಡೂವರೆ ಡಾಲರಿನಷ್ಟು ಹಿಗ್ಗಿಸಿತ್ತು.

ಇಲ್ಲಿ ದಾನದ ಲೆಕ್ಕಪುಸ್ತಕವೇ ತಲೆಕೆಳಗಾಗುತ್ತದೆ. ದಾನ ಪಡೆದವರನ್ನು ಎಣಿಸುವುದು, ಫೋಟೋ ತೆಗೆಯುವುದು, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುವುದು ಸಂಸ್ಥೆಗಳ ರೂಢಿ. ಪಡೆಯದವರ ಮನೆಗೆ ಹೋಗಿ ಎಣಿಸಿದವರು ತೀರಾ ಕಡಿಮೆ. ಹಾಗೆ ಎಣಿಸದೇ ಹೋಗಿದ್ದರೆ ಸಿಯಾಯಾದ ಲಾಭದ ದೊಡ್ಡ ಭಾಗ ಯಾರ ಕಣ್ಣಿಗೂ ಬೀಳುತ್ತಲೇ ಇರಲಿಲ್ಲ.

ಐವರಲ್ಲಿ ಒಬ್ಬರಾದ ಮಿಗೆಲ್‌ಗೆ ಈ ಚಟ ಹಳೆಯದು. ಪಕ್ಕದ ಬುಸಿಯಾದಲ್ಲಿ 1998ರಲ್ಲಿ ಶುರುವಾದ ಕೆಲಸವೊಂದರಲ್ಲಿ ಅವರು ಮತ್ತು ಮೈಕೆಲ್ ಕ್ರೆಮರ್ 75 ಶಾಲೆಗಳ 30,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದರು. ಒಂದು ಡಚ್ ದತ್ತಿ ಸಂಸ್ಥೆ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಿತ್ತು. ಶಾಲೆ ತಪ್ಪಿಸುವುದು ಕಾಲು ಭಾಗದಷ್ಟು ಇಳಿಯಿತು. ಮಾತ್ರೆ ನುಂಗದ ಅಕ್ಕಪಕ್ಕದ ಮಕ್ಕಳಲ್ಲೂ ಹುಳುವಿನ ಕಾಟ ತಗ್ಗಿತು, ಹರಡುವವರೇ ಕಡಿಮೆಯಾದ ಮೇಲೆ ಹರಡುವುದೆಲ್ಲಿಂದ? ಈ ಅಂಕಿಗಳ ಮೇಲೆ 2015ರಲ್ಲಿ ಪಂಡಿತರ ನಡುವೆ ದೊಡ್ಡ ಜಗಳವೇ ಆಯಿತು, ಕೆಲವು ಲೆಕ್ಕ ತಿದ್ದಬೇಕಾಯಿತು. ಆದರೂ ಇಪ್ಪತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ಹೋಗಿ ನೋಡಿದಾಗ, ಹೆಚ್ಚು ವರ್ಷ ಮಾತ್ರೆ ಪಡೆದವರ ಗಂಟೆಯ ದುಡಿಮೆ ಶೇ 13ರಷ್ಟು ಹೆಚ್ಚಿತ್ತು. ಕೆಲವೇ ರೂಪಾಯಿಯ ಮಾತ್ರೆ. ಕ್ರೆಮರ್ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೋ ಅವರ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಸಿಯಾಯಾದಲ್ಲಿ ಈ ನಗದಿನ ಪ್ರಯೋಗಕ್ಕೂ ಮುಂಚೆ ಇನ್ನೊಂದು ಮಹಾಯಜ್ಞ ನಡೆದಿತ್ತು. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರ ಸಹಸ್ರಮಾನ ಗ್ರಾಮ ಯೋಜನೆಯ ಮೊದಲ ಊರು ಸೌರಿ ಇದೇ ಕೌಂಟಿಯದು. 2004ರಲ್ಲಿ ಅಲ್ಲಿ ಗೊಬ್ಬರ, ಸುಧಾರಿತ ಬೀಜ, ಸೊಳ್ಳೆಪರದೆ, ಆಸ್ಪತ್ರೆ, ಶಾಲೆಯ ಊಟ ಎಲ್ಲವನ್ನೂ ಒಟ್ಟಿಗೆ ಇಳಿಸಿದರು. ಹಾಲಿವುಡ್ ತಾರೆ ಏಂಜಲಿನಾ ಜೋಲಿ ಬಂದು ಓಡಾಡಿ ಹೋದರು. ಸಿರಿವಂತ ಹೂಡಿಕೆದಾರ ಜಾರ್ಜ್ ಸೋರೋಸ್ 2006ರಲ್ಲಿ ಯೋಜನೆಗೆ 5 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಮೆಕ್ಕೆಜೋಳದ ಇಳುವರಿ ಎರಡು ಪಟ್ಟಿಗೂ ಮೀರಿ ಏರಿತು. ಅದು ಸುಳ್ಳಲ್ಲ. ಆದರೆ ಅದೇ ಕಾಲಕ್ಕೆ ಕೀನ್ಯಾದ ಬೇರೆ ಹಳ್ಳಿಗಳೂ ತಮ್ಮಷ್ಟಕ್ಕೆ ಸುಧಾರಿಸುತ್ತಿದ್ದವು. ಸೌರಿಯ ಏಳಿಗೆಯಲ್ಲಿ ಯೋಜನೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಹೇಳಲು ಹೋಲಿಸಿ ನೋಡುವ ಊರುಗಳನ್ನು ಮೊದಲೇ ಗೊತ್ತುಮಾಡಿರಲಿಲ್ಲ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಯೋಜನೆಯವರು ತಮ್ಮ ಊರುಗಳಲ್ಲಿ ಮಕ್ಕಳ ಸಾವು ಸುತ್ತಲ ದೇಶಕ್ಕಿಂತ ಮೂರು ಪಟ್ಟು ವೇಗದಲ್ಲಿ ಇಳಿಯುತ್ತಿದೆ ಎಂದು ಬರೆದರು. ಲೆಕ್ಕ ತಪ್ಪಿದೆ ಎಂದು ಹೊರಗಿನವರು ತೋರಿಸಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆದರು. ಒಳ್ಳೆಯ ಕೆಲಸ ಮಾಡಿಯೂ ಮಾಡಿದೆವೆಂದು ತೋರಿಸಲಾಗದ ಸ್ಥಿತಿ!

ಹದಿಮೂರು ವರ್ಷದ ನಂತರ, 2025ರ ಆಗಸ್ಟಿನಲ್ಲಿ, ಅದೇ ಕೌಂಟಿಯಿಂದ ಮಕ್ಕಳ ಸಾವಿನ ಇನ್ನೊಂದು ಲೆಕ್ಕ ಬಂತು. 653 ಹಳ್ಳಿಗಳಿಗೆ ಮತ್ತೆ ಹೋಗಿ, ಮನೆಮನೆ ತಟ್ಟಿ, ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ವಿವರ ಕಲೆಹಾಕಿದ್ದರು. ಹಣ ಪಡೆದ ಮನೆಗಳಲ್ಲಿ ಒಂದು ವರ್ಷದೊಳಗಿನ ಕೂಸುಗಳ ಸಾವು ಶೇ 48ರಷ್ಟು, ಐದು ವರ್ಷದೊಳಗಿನ ಮಕ್ಕಳ ಸಾವು ಶೇ 45ರಷ್ಟು ಕಡಿಮೆ. ಸರಿಸುಮಾರು ಅರ್ಧಕ್ಕರ್ಧ. ಲಸಿಕೆಯಿಲ್ಲ, ಔಷಧಿಯಿಲ್ಲ, ಆರೋಗ್ಯ ಪಾಠವಿಲ್ಲ. ಹಣ ಕೊಡುವಾಗ ಮಕ್ಕಳ ಆರೋಗ್ಯದ ಮಾತೇ ಯಾರೂ ಎತ್ತಿರಲಿಲ್ಲ.

ಕೂಸುಗಳು ಉಳಿದದ್ದು ಹೇಗೆ ಎಂಬುದಕ್ಕೆ ಸಂಶೋಧಕರು ಎರಡು ದಾರಿ ತೋರಿಸುತ್ತಾರೆ. ಒಂದು, ದಿನ ತುಂಬುತ್ತಿದ್ದ ತಿಂಗಳುಗಳಲ್ಲಿ ಮತ್ತು ಹೆತ್ತ ಹೊಸದರಲ್ಲಿ ಹೆಂಗಸರು ದುಡಿಯುವ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಹೊಟ್ಟೆ ಹೊತ್ತುಕೊಂಡು ಹೊಲ ಅಗೆಯುವುದು ತಪ್ಪಿತು. ಇನ್ನೊಂದು, ಆಸ್ಪತ್ರೆಯಲ್ಲಿ ಹೆರಿಗೆ ಹೆಚ್ಚಿತು. ಎರಡನೆಯದು ಫಲಿಸಿದ್ದು ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಕಡೆ. ದೂರದ ಹಳ್ಳಿಗಳಲ್ಲಿ ಹಣ ಇದ್ದೂ ಅಷ್ಟು ಉಪಯೋಗವಾಗಲಿಲ್ಲ, ಕೊಳ್ಳಲು ಅಲ್ಲಿ ವೈದ್ಯರೇ ಇರಲಿಲ್ಲ. ನಗದು ಕೊಟ್ಟರೆ ಸಾಕು, ಆಸ್ಪತ್ರೆ ಕಟ್ಟುವುದು ದಂಡ ಎಂದು ವಾದಿಸುವವರ ಬಾಯಿ ಈ ಒಂದು ಸಾಲು ಮುಚ್ಚಿಸಬೇಕು. ಇನ್ನೂ ಒಂದು ಕಹಿ ಅಂಕಿ ಇದೆ: ಹಣ ಹೆರಿಗೆಯ ಆಸುಪಾಸಿನಲ್ಲಿ ಬಂದಿದ್ದರೆ ಮಾತ್ರ ಕೂಸಿಗೆ ರಕ್ಷೆ. ಹಣ ನಿಂತ ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಸಾವಿನ ಪ್ರಮಾಣ ಮತ್ತೆ ಹಳೆಯ ಮಟ್ಟಕ್ಕೇ ಹೋಗಿತ್ತು.

ಕಹಿಯ ಮಾತು ಬಂದ ಮೇಲೆ ಮಿಕ್ಕಿದ್ದನ್ನೂ ಹೇಳಿಬಿಡಬೇಕು. ಸರೋವರದ ಕೊಲ್ಲಿಯ ಆಚೆ ದಡದ ಹೋಮಾ ಬೇ ಕೌಂಟಿಗೆ 2015ರಲ್ಲಿ ಗಿವ್‌ಡೈರೆಕ್ಟ್ಲಿ ಹೋದಾಗ ಸುಮಾರು ಶೇ 45 ಮಂದಿ ಹಣವೇ ಬೇಡ ಎಂದರು. ಒಂದು ವರ್ಷದ ಸಂಪಾದನೆಯನ್ನು ಗುರುತಿಲ್ಲದವರು ಸುಮ್ಮನೆ ಯಾಕೆ ಕೊಡುತ್ತಾರೆ? ಇದು ಸೈತಾನನ ಹಣ, ಯಾವುದೋ ಗುಪ್ತ ಪಂಥದ್ದು ಎಂದು ಊರೂರಲ್ಲಿ ಗುಲ್ಲೆದ್ದಿತ್ತು. ನನಗೇನೂ ಅದು ಮೂಢನಂಬಿಕೆಯಾಗಿ ಕಾಣುವುದಿಲ್ಲ. ಹೊರಗಿನಿಂದ ಬಂದವರು ಏನನ್ನೂ ಪುಕ್ಕಟೆ ಕೊಟ್ಟ ಚರಿತ್ರೆ ಆ ನಾಡಿಗಿಲ್ಲ. ರಾರಿಯೇಡಾದಲ್ಲಿ ಹಣ ಸಿಗದ ನೆರೆಯವರ ಮನಸ್ಸಿನ ನೆಮ್ಮದಿ ಕೆಲಕಾಲ ಕುಸಿದದ್ದೂ ದಾಖಲಾಗಿದೆ. ಪಕ್ಕದ ಮನೆಯ ತಗಡು ಮಿನುಗುವಾಗ ನಮ್ಮ ಹುಲ್ಲು ಹೆಚ್ಚು ಕಪ್ಪಾಗಿ ಕಾಣುತ್ತದೆ. ಕಾಂಗೋದ ದಕ್ಷಿಣ ಕಿವುವಿನಲ್ಲಿ 2022ರಲ್ಲಿ ಸಂಸ್ಥೆಯ ಸಿಬ್ಬಂದಿಯೇ ಸಿಮ್ ಕಾರ್ಡುಗಳಲ್ಲಿ ಕೈಚಳಕ ತೋರಿ 9 ಲಕ್ಷ ಡಾಲರ್ ಸಮೀಪದ ಹಣ ನುಂಗಿದರು. ಸಂಸ್ಥೆಯೇ ಅದನ್ನು ಬಹಿರಂಗಪಡಿಸಿತು ಎಂಬುದಷ್ಟೇ ಸಮಾಧಾನ.

ರುವಾಂಡಾದ ಪಾಠವಂತೂ ದತ್ತಿ ಸಂಸ್ಥೆಗಳಿಗೂ ನಗದಿನ ಭಕ್ತರಿಗೂ ಸಮಾನವಾಗಿ ಅನ್ವಯಿಸುತ್ತದೆ. ಅಮೆರಿಕದ ನೆರವಿನ ಒಂದು ಪೌಷ್ಟಿಕತೆ ಕಾರ್ಯಕ್ರಮಕ್ಕೆ ಮನೆಯೊಂದಕ್ಕೆ ತಗಲುತ್ತಿದ್ದ ವೆಚ್ಚ ಸುಮಾರು 140 ಡಾಲರ್. ಅಷ್ಟೇ ಹಣವನ್ನು ಬೇರೆ ಮನೆಗಳಿಗೆ ನಗದಾಗಿ ಕೊಟ್ಟು ಹೋಲಿಸಿದರು. ವರ್ಷ ಕಳೆದ ಮೇಲೆ ನೋಡಿದರೆ ಮಕ್ಕಳ ಬೆಳವಣಿಗೆಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಬದಲಾವಣೆ ಕಂಡದ್ದು ಸುಮಾರು 530 ಡಾಲರ್ ಒಟ್ಟಿಗೆ ಸಿಕ್ಕ ಮನೆಗಳಲ್ಲಿ. ಚಿಲ್ಲರೆ ದಾನ ಚಿಲ್ಲರೆಯಾಗಿಯೇ ಕರಗುತ್ತದೆ.

ಒಟ್ಟಿಗೆ ಕೊಡಬೇಕೋ ತಿಂಗಳು ತಿಂಗಳು ಕೊಡಬೇಕೋ? ಇದನ್ನು ತಿಳಿಯಲೆಂದೇ 2018ರಲ್ಲಿ ಸಿಯಾಯಾ ಮತ್ತು ಬೊಮೆಟ್ ಕೌಂಟಿಗಳ 295 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಹೂಡಿದರು. ಈ ಸಲ ಸೂರು ನೋಡಲಿಲ್ಲ, ಆಯ್ದ ಹಳ್ಳಿಯ ವಯಸ್ಕರಿಗೆಲ್ಲ ಹಣ. 100 ಹಳ್ಳಿಗಳಿಗೆ ಏನೂ ಇಲ್ಲ. 71 ಹಳ್ಳಿಗಳಲ್ಲಿ ತಲಾ ಸುಮಾರು 500 ಡಾಲರ್ ಒಂದೇ ಸಲ. 80 ಹಳ್ಳಿಗಳಲ್ಲಿ ದಿನಕ್ಕೆ 75 ಸೆಂಟ್ ಲೆಕ್ಕದಲ್ಲಿ ತಿಂಗಳಿಗೆ 2,250 ಶಿಲಿಂಗ್, ಎರಡು ವರ್ಷ. ಉಳಿದ 44 ಹಳ್ಳಿಗಳ ಸುಮಾರು ಐದು ಸಾವಿರ ಜನರಿಗೆ ಅದೇ 2,250 ಶಿಲಿಂಗ್, ಆದರೆ ಹನ್ನೆರಡು ವರ್ಷ. ಅಂದರೆ ತಲಾ 144 ಕಂತು. ಬ್ಯಾನರ್ಜಿ, ಸೂರಿ ಮುಂತಾದವರು ಎರಡು ವರ್ಷದ ನಂತರ ನೋಡಿದಾಗ ಯಾರೂ ಕೆಲಸ ಬಿಟ್ಟು ಕೂತಿರಲಿಲ್ಲ. ಕೂಲಿ ಬಿಟ್ಟು ಸ್ವಂತ ಅಂಗಡಿ, ವ್ಯಾಪಾರಕ್ಕೆ ಇಳಿದವರು ಬಹಳ. ಎರಡು ವರ್ಷದ ಮಾಸಿಕ ಹಣದವರು ಮಾತ್ರ ಹಿಂದೆ ಬಿದ್ದಿದ್ದರು. ಒಟ್ಟಿಗೆ ಪಡೆದವರು ವ್ಯಾಪಾರ ಹಾಕಿದ್ದರು. ಹನ್ನೆರಡು ವರ್ಷದ ಭರವಸೆ ಇದ್ದವರೂ ಹಾಗೇ ಹಾಕಿದ್ದರು. ಅವರಿಗೆ ಬಂಡವಾಳ ಎಲ್ಲಿಂದ ಬಂತು ಅಂದಿರಾ? ಚೀಟಿ! ಹತ್ತು ಹದಿನೈದು ಮಂದಿ ಸೇರಿ ತಿಂಗಳ ಹಣ ಒಟ್ಟು ಮಾಡಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ, ಅವರು ಚಾಮಾ ಎನ್ನುವ ಪದ್ಧತಿ. ಮುಂದಿನ ವರ್ಷವೂ ಕಂತು ಕಟ್ಟಬಲ್ಲೆ ಎಂಬ ಧೈರ್ಯ ಇದ್ದವರು ಮಾತ್ರ ಚೀಟಿಗೆ ಸೇರುತ್ತಾರೆ. ಹನ್ನೆರಡು ವರ್ಷದ ಮಾತು ಕೊಟ್ಟವರು ಆ ಧೈರ್ಯವನ್ನೂ ಕೊಟ್ಟಿದ್ದರು.

ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿ ಈ 2,250 ಶಿಲಿಂಗಿಗೆ ಬಹಳ ದೂರದ್ದಲ್ಲ. ಕೋಟಿಗೂ ಹೆಚ್ಚು ಹೆಂಗಸರಿಗೆ ಹೋಗುವ ಹಣ. ಪ್ರಮಾಣದಲ್ಲಿ ಸಿಯಾಯಾ ಅದರ ಮುಂದೆ ಧೂಳು. ದಾನಿಗಳ ಹಣಕ್ಕೂ ಖಜಾನೆಯ ಹಣಕ್ಕೂ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ಬಿಟ್ಟಿ ಭಾಗ್ಯ ಎಂದು ಹಳಿಯುವವರೂ ಹಾಡಿ ಹೊಗಳುವವರೂ ಕೈಯಲ್ಲಿ ಒಂದು ಸಂತೆಯ ಬೆಲೆಪಟ್ಟಿ, ಒಂದು ನೆರೆಮನೆಯ ಲೆಕ್ಕ ಹಿಡಿದು ಜಗಳ ಆಡಿದರೆ ಕೇಳಲು ಚೆನ್ನಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಪ್ರಮಾಣದ ಪ್ರಶ್ನೆ ಉಳಿಯುತ್ತದೆ. ವಿಶ್ವಬ್ಯಾಂಕು 2025ರಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿತು. ಆ ಗೆರೆಯ ಕೆಳಗಿರುವವರು ಸುಮಾರು 80 ಕೋಟಿ ಜನ, ಅವರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರದಷ್ಟು ಮಂದಿ ಸಹಾರಾದ ಕೆಳಗಿನ ಆಫ್ರಿಕಾದಲ್ಲಿ. ಗಿವ್‌ಡೈರೆಕ್ಟ್ಲಿ ಶುರುವಾದಂದಿನಿಂದ ಮುಟ್ಟಿರುವುದು ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು. ಸಂಸ್ಥೆಯೊಂದಕ್ಕೆ ಅದು ದೈತ್ಯ ಸಾಧನೆ, 80 ಕೋಟಿಯ ಮುಂದೆ ಚಿಟಿಕೆ ಉಪ್ಪು. ಅಂದಾಜಿಗೆ ಒಂದು ಲೆಕ್ಕ ಹಾಕಿ ನೋಡಿದೆ. ಮನೆಗೆ ಐದು ಜನರೆಂದು ಹಿಡಿದರೆ 16 ಕೋಟಿ ಮನೆ. ಸಿಯಾಯಾದಂತೆ ಮನೆಗೆ ಸಾವಿರ ಡಾಲರ್ ಎಂದರೆ 16,000 ಕೋಟಿ ಡಾಲರ್. ತಲೆ ತಿರುಗುವ ಮೊತ್ತ. ಜಗತ್ತಿನ ದೇಶಗಳೆಲ್ಲ ಸೇರಿ 2024ರಲ್ಲಿ ಸೇನೆಗೆ ಮಾಡಿದ ಖರ್ಚು ಸುಮಾರು 2,70,000 ಕೋಟಿ ಡಾಲರ್. ಆ ಖರ್ಚಿನ ಇಪ್ಪತ್ತೆರಡು ದಿನದ ಪಾಲು ಅಷ್ಟೇ. ಒಮ್ಮೆ ಕೊಟ್ಟ ಮಾತ್ರಕ್ಕೆ ಬಡತನ ನೀಗದು, ಹಣ ನಿಂತ ಮೇಲೆ ಕೂಸುಗಳ ಕಥೆ ಏನಾಯಿತು ಎಂದು ನೋಡಿದೆವಲ್ಲ. ಆಸ್ಪತ್ರೆಗೆ, ವೈದ್ಯರಿಗೆ ಬೇರೆಯೇ ಹಣ ಬೇಕು. ಆದರೂ ಬಡತನ ಅಳೆಯಲಾರದಷ್ಟು ದೊಡ್ಡದು ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಅಳೆದಿದ್ದಾರೆ, ಸಂಖ್ಯೆ ಸಿಕ್ಕಿದೆ.

ದಾನ ಕೊಡುವವರಲ್ಲಿ ಒಂದು ಕೋರಿಕೆ. ಆಫ್ರಿಕಾದ ಸಂಸ್ಥೆಯಾಗಲಿ, ಊರಿನ ಟ್ರಸ್ಟ್ ಆಗಲಿ, ವರದಿ ಕೈಗೆ ಬಂದಾಗ ಪಡೆದವರ ಸಂಖ್ಯೆಯ ಜೊತೆ ಪಡೆಯದ ನೆರೆಮನೆಯವರಿಗೆ ಏನಾಯಿತು ಎಂದೂ ಕೇಳಿ. ಸಿಯಾಯಾ ಮತ್ತು ಬೊಮೆಟ್‌ನ 44 ಹಳ್ಳಿಗಳಲ್ಲಿ ಆ ಎಣಿಕೆ ಇನ್ನೂ ನಡೆಯುತ್ತಿದೆ. ಅಲ್ಲಿನ 144ನೇ ಕಂತು ಮುಗಿಯುವುದು 2030ರ ಹೊತ್ತಿಗೆ.